ಮೊದಲ ನಾಣ್ಯವನ್ನು ಓದಿ ಮುಗಿಸಿ, ಆಮೇಲೆ ಎರಡನೆಯದನ್ನು ಕೊಳ್ಳಿ

ಪ್ರಶ್ನೆ: ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ಕುಂದಾಪುರದಲ್ಲಿದ್ದೇನೆ. ಜರ್ಮನಿಯಲ್ಲಿರುವ ಮಗಳು ಕಳೆದ ಸಲ ಊರಿಗೆ ಬಂದಾಗ ಒಂದು ರೋಮನ್ ನಾಣ್ಯ ತಂದುಕೊಟ್ಟಳು. ಹಳೆಯ ನಾಲ್ಕಾಣೆಗಿಂತ ತುಸು ಚಿಕ್ಕದು, ಕಪ್ಪು ಮಿಶ್ರಿತ ಹಸಿರು. ಒಂದು ಕಡೆ ಶಿರಸ್ತ್ರಾಣ ತೊಟ್ಟ ಮುಖ, ಇನ್ನೊಂದು ಕಡೆ ಎರಡು ಮಕ್ಕಳಿಗೆ ಹಾಲೂಡುವ ತೋಳ, ಮೇಲೆ ಎರಡು ನಕ್ಷತ್ರ, ಕೆಳಗೆ ಟಿ, ಆರ್, ಎಸ್ ಎಂಬ ಅಕ್ಷರಗಳು. 25 ಯೂರೊ ಕೊಟ್ಟಳಂತೆ. ಇಷ್ಟು ಕಡಿಮೆ ಬೆಲೆಗೆ ಸಿಕ್ಕಿದ್ದು ಅಸಲಿ ಇರಬಹುದೇ? ಹುಣಸೆಹಣ್ಣು ಹಚ್ಚಿ ತೊಳೆಯಲೇ? ಗ್ರೀಕ್ ಮತ್ತು ರೋಮನ್ ನಾಣ್ಯ ಸಂಗ್ರಹವನ್ನು ಬಿಡುವಿನ ಹವ್ಯಾಸವಾಗಿ ಶುರುಮಾಡುವ ಆಸೆಯಾಗಿದೆ. ಎಲ್ಲಿಂದ ಆರಂಭಿಸಬೇಕು? ಕಾನೂನಿನ ತೊಡಕು ಇದೆಯೇ? ಮುಂದೆ ಮಕ್ಕಳಿಗೆ ಇದರಿಂದ ನಾಲ್ಕು ಕಾಸು ಬಂದೀತೇ?

ಉತ್ತರ: ಮೊದಲು ಹುಣಸೆಹಣ್ಣಿನ ಮಾತು, ಯಾಕೆಂದರೆ ಅದು ತಡಮಾಡುವ ವಿಷಯವಲ್ಲ. ದಯವಿಟ್ಟು ತೊಳೆಯಬೇಡಿ. ತಾಮ್ರದ ಚೊಂಬಿಗೆ ಹುಣಸೆಹಣ್ಣು ಏನು ಮಾಡುತ್ತದೋ ನಾಣ್ಯಕ್ಕೂ ಅದನ್ನೇ ಮಾಡುತ್ತದೆ: ಮೇಲಿನ ಪದರವನ್ನು ಕರಗಿಸಿ ಒಳಗಿನ ಲೋಹವನ್ನು ಹೊರಗೆ ತರುತ್ತದೆ. ಚೊಂಬಿಗೆ ಅದು ಒಳ್ಳೆಯದೇ. ಆದರೆ ನೂರಾರು ವರ್ಷ ಮಣ್ಣಿನಡಿ ಇದ್ದ ನಾಣ್ಯದ ಹೊರಮೈ ಲೋಹವಾಗಿ ಉಳಿದಿರುವುದಿಲ್ಲ, ಖನಿಜವಾಗಿ ಮಾರ್ಪಟ್ಟಿರುತ್ತದೆ. ತೋಳದ ಮೈಮೇಲಿನ ರೋಮದ ಗೆರೆ, ಶಿರಸ್ತ್ರಾಣದ ತುರಾಯಿ, ಅಕ್ಷರಗಳ ಅಂಚು ಎಲ್ಲ ಉಳಿದಿರುವುದು ಆ ಕಪ್ಪು-ಹಸಿರು ಪದರದಲ್ಲೇ. ಅದನ್ನು ತೆಗೆದರೆ ಕೆಳಗೆ ಸಿಗುವುದು ಗುಳಿಬಿದ್ದ ಕೆಂಪು ತಾಮ್ರ. ನಿಂಬೆಹಣ್ಣು, ವಿನೆಗರ್, ಪಿತಾಂಬರಿ ಪುಡಿ ಯಾವುದೂ ಬೇಡ. ಜಗತ್ತಿನ ಯಾವ ಸಂಗ್ರಹಕಾರನೂ ಫಳಫಳ ಹೊಳೆಯುವ ಪ್ರಾಚೀನ ತಾಮ್ರದ ನಾಣ್ಯವನ್ನು ಇಷ್ಟಪಟ್ಟು ಕೊಳ್ಳುವುದಿಲ್ಲ.

ಈಗ ನಿಮ್ಮ ಕೈಲಿರುವುದು ಏನೆಂದು ನೋಡೋಣ. ನೀವು ಕೊಟ್ಟಿರುವ ವಿವರ ಅಚ್ಚುಕಟ್ಟಾಗಿರುವುದರಿಂದ ಫೋಟೊ ಇಲ್ಲದೆಯೂ ಹೇಳಬಹುದು. ಶಿರಸ್ತ್ರಾಣ ತೊಟ್ಟವಳು ಚಕ್ರವರ್ತಿಯಲ್ಲ, ರೋಮಾ ದೇವಿ, ಅಂದರೆ ರೋಮ್ ನಗರದ ಮೂರ್ತರೂಪ. ಮುಖದ ಎರಡೂ ಬದಿಯಲ್ಲಿ ‘ಉರ್ಬ್ಸ್ ರೋಮಾ’ ಎಂಬ ಬರಹ ಇರಬೇಕು, ಭೂತಗನ್ನಡಿ ಹಿಡಿದು ನೋಡಿ. ಹಿಂಬದಿಯ ತೋಳ ರೋಮುಲಸ್ ಮತ್ತು ರೇಮಸ್ ಎಂಬ ಅವಳಿ ಮಕ್ಕಳನ್ನು ಸಾಕಿದ ತಾಯಿತೋಳ. ಕತ್ತು ಹಿಂದಕ್ಕೆ ತಿರುಗಿಸಿ ಮಕ್ಕಳನ್ನು ನೋಡುತ್ತಿರುತ್ತದೆ, ಮಕ್ಕಳು ಕೈ ಮೇಲೆತ್ತಿರುತ್ತವೆ. ಇಡೀ ನಾಣ್ಯದಲ್ಲಿ ಯಾವ ಅರಸನ ಹೆಸರೂ ಇಲ್ಲ. ರೋಮನ್ ಚಕ್ರವರ್ತಿಗಳ ಕಾಲದಲ್ಲಿ ಇದು ಅಪರೂಪ, ಅದಕ್ಕೆ ಕಾರಣವೂ ಇದೆ.

ಚಕ್ರವರ್ತಿ ಕಾನ್‌ಸ್ಟಂಟೈನ್ ಬಾಸ್ಫರಸ್ ಜಲಸಂಧಿಯ ದಡದಲ್ಲಿ ತನ್ನ ಹೊಸ ರಾಜಧಾನಿಯನ್ನು 330ರ ಮೇ 11ರಂದು ಉದ್ಘಾಟಿಸಿದ. ಆ ಕಾನ್‌ಸ್ಟಾಂಟಿನೋಪಲ್ ನಗರವೇ ಇಂದಿನ ಇಸ್ತಾನ್‌ಬುಲ್. ಹೊಸ ನಗರಕ್ಕೆ ಪಟ್ಟ ಕಟ್ಟುವಾಗ ಹಳೆಯ ರಾಜಧಾನಿಗೆ ಅವಮಾನವಾಗಬಾರದಲ್ಲ. ಹಾಗಾಗಿ ಎರಡು ನಾಣ್ಯಗಳು ಒಟ್ಟಿಗೆ ಹೊರಟವು: ಒಂದರಲ್ಲಿ ರೋಮಾ ಮತ್ತು ತೋಳ, ಇನ್ನೊಂದರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದೇವತೆ ಮತ್ತು ಹಡಗಿನ ಮೂತಿಯ ಮೇಲೆ ನಿಂತ ವಿಜಯದೇವತೆ. ಸಾಮ್ರಾಜ್ಯದ ಉದ್ದಗಲಕ್ಕೂ ಇದ್ದ ಟಂಕಸಾಲೆಗಳಲ್ಲಿ ಈ ಜೋಡಿಯನ್ನು ಅಚ್ಚುಹಾಕಿದರು. ಯಾವ ಟಂಕಸಾಲೆ ಎಂದು ತಿಳಿಸಲು ತೋಳದ ಕಾಲಡಿ ಅಕ್ಷರಗಳಿವೆ. ನಿಮ್ಮ ನಾಣ್ಯದ ಮೊದಲ ಎರಡು ಅಕ್ಷರ, ಟಿ ಮತ್ತು ಆರ್, ಇಂದಿನ ಜರ್ಮನಿಯ ಟ್ರಿಯರ್ ನಗರವನ್ನು ಸೂಚಿಸುತ್ತವೆ. ಕೊನೆಯ ಎಸ್ ಎಂದರೆ ಆ ಟಂಕಸಾಲೆಯ ಎರಡನೆಯ ವಿಭಾಗ. ಮೊದಲನೆಯ ವಿಭಾಗದ್ದಾಗಿದ್ದರೆ ಪಿ ಅಕ್ಷರ ಇರುತ್ತಿತ್ತು. ತೂಕ ತಪ್ಪಿದರೆ, ಬೆರಕೆ ಹೆಚ್ಚಾದರೆ ಯಾವ ವಿಭಾಗದವರನ್ನು ಕೇಳಬೇಕೆಂದು ಮೇಲಿನ ಅಧಿಕಾರಿಗೆ ಗೊತ್ತಾಗಲಿ ಎಂಬುದೇ ಈ ವ್ಯವಸ್ಥೆಯ ಉದ್ದೇಶ. ಬ್ಯಾಂಕಿನಲ್ಲಿದ್ದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಅದನ್ನು ತೂಗಿ. ನೂರನೆಯ ಒಂದು ಗ್ರಾಂವರೆಗೆ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಇಲ್ಲವಾದರೆ ಪರಿಚಯದ ಚಿನ್ನದಂಗಡಿಯಲ್ಲಿ ತೂಗಿಸಿ. ಎರಡೂವರೆ ಗ್ರಾಂ ಆಸುಪಾಸು ಬಂದರೆ ನಿಮ್ಮ ನಾಣ್ಯ 330ರಿಂದ 335ರ ನಡುವಿನದು. ಒಂದೂವರೆ ಗ್ರಾಂ ಚಿಲ್ಲರೆ ಬಂದರೆ ಅದಕ್ಕಿಂತ ಈಚಿನದು, ಏಕೆಂದರೆ 335ರ ಸುಮಾರಿಗೆ ಈ ನಾಣ್ಯಗಳ ತೂಕವನ್ನು ಇಳಿಸಿದರು. ಅದೇ ಕಾಲದ ಇನ್ನೊಂದು ನಾಣ್ಯದಲ್ಲಿ ಇಬ್ಬರು ಸೈನಿಕರು ನಿಂತಿರುತ್ತಾರೆ. ತೂಕ ಇಳಿಸುವ ಮೊದಲು ಅವರ ನಡುವೆ ಎರಡು ಧ್ವಜಗಂಬ, ಇಳಿಸಿದ ಮೇಲೆ ಒಂದೇ. ಬೆರಳ ತುದಿಯಷ್ಟು ತಾಮ್ರದಲ್ಲಿ ಇಷ್ಟು ಸಂಗತಿಗಳನ್ನು ಓದಬಹುದು. ಈ ಹವ್ಯಾಸದಲ್ಲಿ ನನ್ನನ್ನು ಇಷ್ಟು ವರ್ಷ ಹಿಡಿದಿಟ್ಟಿರುವುದು ಕೊಳ್ಳುವ ಸಂತೋಷವಲ್ಲ, ಈ ಓದು. ನಿಮಗೂ ನಾನು ಹೇಳುವುದು ಇಷ್ಟೇ: ಒಂದು ನಾಣ್ಯವನ್ನು ಪೂರ್ತಿ ಓದಿ ಮುಗಿಸುವ ತನಕ ಎರಡನೆಯದನ್ನು ಕೊಳ್ಳಬೇಡಿ.

25 ಯೂರೊಗೆ ಅಸಲಿ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಧಾರಾಳವಾಗಿ ಸಿಗುತ್ತದೆ. ನಾಲ್ಕನೆಯ ಶತಮಾನದ ತಾಮ್ರದ ನಾಣ್ಯಗಳು ಯುರೋಪಿನಲ್ಲಿ ಸಾಮಾನ್ಯವಾಗಿ 10ರಿಂದ 30 ಯೂರೊ ನಡುವೆ ಮಾರಾಟವಾಗುತ್ತವೆ. ಹಳೆಯದೆಂದರೆ ದುಬಾರಿ ಎಂದು ನಮ್ಮಲ್ಲಿ ಒಂದು ಎಣಿಕೆ ಇದೆ. ಬೆಲೆ ನಿಂತಿರುವುದು ವಯಸ್ಸಿನ ಮೇಲಲ್ಲ, ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು ಎಂಬುದರ ಮೇಲೆ. ಸೈನ್ಯಕ್ಕೆ ಸಂಬಳ ಕೊಡಲು ರೋಮನ್ನರು ನಾಣ್ಯಗಳನ್ನು ಲಕ್ಷಗಟ್ಟಲೆ ಹೊರಡಿಸಿದರು. ಇಂದಿನಂಥ ಬ್ಯಾಂಕ್ ಇಲ್ಲದ ಆ ಕಾಲದಲ್ಲಿ ಜನ ಉಳಿತಾಯವನ್ನು ಮಡಕೆಯಲ್ಲಿ ತುಂಬಿ ಹೂಳುತ್ತಿದ್ದರು. ಹೂತವರು ಯುದ್ಧಕ್ಕೋ ರೋಗಕ್ಕೋ ಬಲಿಯಾದರೆ ಮಡಕೆ ಅಲ್ಲೇ ಉಳಿಯಿತು. 2010ರಲ್ಲಿ ಇಂಗ್ಲೆಂಡಿನ ಸಾಮರ್‌ಸೆಟ್ ಪ್ರಾಂತ್ಯದ ಫ್ರೋಮ್ ಬಳಿಯ ಹೊಲದಲ್ಲಿ ಸಿಕ್ಕ ಒಂದೇ ಮಡಕೆಯೊಳಗೆ 52,503 ನಾಣ್ಯಗಳಿದ್ದವು, ಎಲ್ಲವೂ ಮೂರನೆಯ ಶತಮಾನದವು. ಆ ನಿಧಿ ವಸ್ತುಸಂಗ್ರಹಾಲಯಕ್ಕೆ ಹೋಯಿತು. ಇಂಥ ಚಿಕ್ಕ ದೊಡ್ಡ ಮಡಕೆಗಳು ಯುರೋಪಿನ ನೆಲದಲ್ಲಿ ಇನ್ನೂ ಸಿಗುತ್ತಲೇ ಇವೆ. ಇನ್ನೊಂದು ಸಮಾಧಾನವೆಂದರೆ, 20 ಯೂರೊದ ತಾಮ್ರದ ನಾಣ್ಯವನ್ನು ನಕಲು ಮಾಡುವುದರಲ್ಲಿ ಕಳ್ಳನಿಗೆ ಲಾಭ ಕಡಿಮೆ. ಹಾಗೆಂದು ನಕಲಿ ಇಲ್ಲವೇ ಇಲ್ಲ ಎಂದಲ್ಲ, ಅದಕ್ಕೆ ಮುಂದೆ ಬರುತ್ತೇನೆ.

ಹಳೆಯ ನಾಣ್ಯದ ಮೋಹ ಇಂದಿನದಲ್ಲ. ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್ ಹಬ್ಬದ ದಿನಗಳಲ್ಲಿ ಸ್ನೇಹಿತರಿಗೆ ಉಡುಗೊರೆ ಕೊಡುವಾಗ ಹಳೆಯ ಅರಸರ ಮತ್ತು ಪರದೇಶದ ನಾಣ್ಯಗಳನ್ನೂ ಕೊಡುತ್ತಿದ್ದನೆಂದು ಅವನ ಚರಿತ್ರೆ ಬರೆದ ಸ್ವೆಟೋನಿಯಸ್ ದಾಖಲಿಸಿದ್ದಾನೆ. ಹದಿನಾಲ್ಕನೆಯ ಶತಮಾನದ ಇಟಾಲಿಯನ್ ಕವಿ ಪೆಟ್ರಾರ್ಕ್ ತನ್ನ ಸಂಗ್ರಹದಿಂದ ಕೆಲವು ರೋಮನ್ ನಾಣ್ಯಗಳನ್ನು ಚಕ್ರವರ್ತಿ ನಾಲ್ಕನೆಯ ಚಾರ್ಲ್ಸ್‌ಗೆ ಕೊಟ್ಟು, ಇವುಗಳ ಮೇಲಿರುವ ಅರಸರಂತೆ ಬಾಳು ಎಂದು ಹೇಳಿದ್ದ.

ಎಲ್ಲಿಂದ ಆರಂಭಿಸುವುದು? ಹೊಸಬರು ಬಹುತೇಕ ‘ಪ್ರತಿ ಚಕ್ರವರ್ತಿಯದೂ ಒಂದೊಂದು’ ಎಂದು ಹೊರಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಕೆಲವರು ಕೆಲವೇ ವಾರ ಆಳಿದವರು, ಅವರ ನಾಣ್ಯ ಕೈಗೆಟುಕುವುದಿಲ್ಲ. ಪಟ್ಟಿ ತುಂಬುವ ಆತುರದಲ್ಲಿ ನಾಣ್ಯ ನೋಡುವುದೇ ಬಿಟ್ಟುಹೋಗುತ್ತದೆ. ನಿಮ್ಮ ತೋಳದ ನಾಣ್ಯದಿಂದಲೇ ದಾರಿ ಹಿಡಿಯಿರಿ. ಎರಡನೆಯದಾಗಿ ಟ್ರಿಯರ್‌ನಲ್ಲೇ ಅಚ್ಚಾದ ಕಾನ್‌ಸ್ಟಾಂಟಿನೋಪಲ್ ನಾಣ್ಯ, ಮೂರನೆಯದಾಗಿ ಸೈನಿಕರ ನಾಣ್ಯ; ಆಮೇಲೆ ಅದೇ ತೋಳ ಲಿಯೋನ್, ಆರ್ಲ್, ಥೆಸಲೊನಿಕಿಯಂಥ ಬೇರೆ ಊರುಗಳಲ್ಲಿ ಹೇಗೆ ಅಚ್ಚಾಗಿದೆ ಎಂದು ಹೋಲಿಸುವುದು. ಒಂದೂರಿನ ತೋಳ ಮೈತುಂಬಿಕೊಂಡಿದ್ದರೆ ಇನ್ನೊಂದೂರಿನದು ಬಡಕಲು. ವರ್ಷಕ್ಕೆ ನಾಲ್ಕು ನಾಣ್ಯ ಸಾಕು, ನಿವೃತ್ತಿ ವೇತನಕ್ಕೆ ಭಾರವಾಗುವುದಿಲ್ಲ. ಮಗಳಿಗೆ ಒಮ್ಮೆ ಟ್ರಿಯರ್‌ಗೆ ಹೋಗಿಬರಲು ಹೇಳಿ. ಕಾನ್‌ಸ್ಟಂಟೈನನ ಸಭಾಭವನ ಅಲ್ಲಿ ಇನ್ನೂ ನಿಂತಿದೆ. 1993ರಲ್ಲಿ ಅದೇ ಊರಿನಲ್ಲಿ ಕಟ್ಟಡಕ್ಕೆ ನೆಲ ಅಗೆಯುವಾಗ ಸಿಕ್ಕ 2,500ಕ್ಕೂ ಹೆಚ್ಚು ರೋಮನ್ ಚಿನ್ನದ ನಾಣ್ಯಗಳು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿವೆ.

ಬೆಳ್ಳಿಯ ಕಡೆ ಮನಸ್ಸು ಹರಿದರೆ ನಮ್ಮವರಿಗೆ ತಕ್ಕ ಇನ್ನೊಂದು ದಾರಿ ಇದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. 1965ರಲ್ಲಿ ಎಚ್‌ಎಎಲ್ ವಿಮಾನನಿಲ್ದಾಣದ ಬಳಿ 256 ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ಬೆಳ್ಳಿ ಹೊರಬಂದಿದೆ. ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಅಗೆಸಿದ ಜಾಗ ಅದು. ಇವೆಲ್ಲ ದಿನೇರಿಯಸ್ ಎಂಬ ನಾಣ್ಯಗಳು. ದಕ್ಷಿಣ ಭಾರತದಲ್ಲಿ ಸಿಕ್ಕ ದಿನೇರಿಯಸ್‌ಗಳಲ್ಲಿ ಎರಡೇ ಮಾದರಿಗಳದ್ದು ಸಿಂಹಪಾಲು. ಒಂದು ಆಗಸ್ಟಸ್‌ನದು, ಹಿಂಬದಿಯಲ್ಲಿ ಅವನ ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್ ಗುರಾಣಿ, ಭರ್ಜಿಗಳ ಜೊತೆ ನಿಂತಿರುತ್ತಾರೆ. ಇನ್ನೊಂದು ಅವನ ನಂತರದ ಚಕ್ರವರ್ತಿ ಟೈಬೀರಿಯಸ್‌ನದು, ಹಿಂಬದಿಯಲ್ಲಿ ಪೀಠದ ಮೇಲೆ ಕುಳಿತ ಒಬ್ಬ ಹೆಂಗಸು. ಬೈಬಲ್‌ನಲ್ಲಿ ‘ಸೀಸರನದನ್ನು ಸೀಸರನಿಗೆ ಕೊಡಿ’ ಎನ್ನುವಾಗ ಯೇಸುವಿಗೆ ತೋರಿಸಿದ ನಾಣ್ಯ ಇದೇ ಎಂಬ ನಂಬಿಕೆ ಇರುವುದರಿಂದ ಇದಕ್ಕೆ ಬೇಡಿಕೆಯೂ ಬೆಲೆಯೂ ಹೆಚ್ಚು. ಎರಡೂ ಮುಖ್ಯವಾಗಿ ಅಚ್ಚಾದದ್ದು ಇಂದಿನ ಫ್ರಾನ್ಸ್‌ನ ಲಿಯೋನ್ ನಗರದಲ್ಲಿ.

ಅಲ್ಲಿ ಅಚ್ಚಾದದ್ದು ಯಶವಂತಪುರಕ್ಕೆ ಬಂದದ್ದು ಮೆಣಸು, ಮುತ್ತು, ಹತ್ತಿಬಟ್ಟೆಯ ವ್ಯಾಪಾರದಿಂದ. ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ (ಅಂದಿನ ರೋಮನ್ ನಾಣ್ಯ) ಹಣ ಇಂಡಿಯಾಕ್ಕೆ ಹೋಗುತ್ತಿದೆ ಎಂದು ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲೀನಿ ಕೊರಗಿದ್ದು ಇದೇ ವ್ಯಾಪಾರದ ಬಗ್ಗೆ. ಕ್ರಿ.ಶ. 64ರ ಸುಮಾರಿಗೆ ಚಕ್ರವರ್ತಿ ನೀರೋ ದಿನೇರಿಯಸ್‌ನ ತೂಕವನ್ನೂ ಬೆಳ್ಳಿಯ ಪ್ರಮಾಣವನ್ನೂ ತಗ್ಗಿಸಿದ. ಭಾರತದ ವ್ಯಾಪಾರಿಗಳು ಹಳೆಯ ಶುದ್ಧ ಬೆಳ್ಳಿಯನ್ನೇ ಬಯಸಿದ್ದರಿಂದ ಇಲ್ಲಿನ ನಿಧಿಗಳಲ್ಲಿ ಆಗಸ್ಟಸ್, ಟೈಬೀರಿಯಸ್ ನಾಣ್ಯಗಳೇ ತುಂಬಿವೆ ಎಂಬುದು ವಿದ್ವಾಂಸರು ಕೊಡುವ ಕಾರಣ. ತಮಿಳುನಾಡಿನ ಪುದುಕೋಟೆಯಲ್ಲಿ 1898ರಲ್ಲಿ ಸಿಕ್ಕ 501 ರೋಮನ್ ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನ ಮೇಲೆ ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಉಳಿಯ ಗೀರು ಇದೆ. ಮತ್ತೆ ಚಲಾವಣೆಗೆ ಹೋಗದಿರಲಿ ಎಂದು ಹಾಗೆ ಮಾಡಿರಬೇಕೆಂದು ಊಹಿಸುತ್ತಾರೆ. ಚೆನ್ನೈನ ಎಗ್ಮೋರ್ ವಸ್ತುಸಂಗ್ರಹಾಲಯದಲ್ಲಿ ದಕ್ಷಿಣದ ರೋಮನ್ ನಾಣ್ಯಗಳ ದೊಡ್ಡ ಸಂಗ್ರಹವಿದೆ. ಆ ಕಡೆ ಹೋದಾಗ ತಪ್ಪಿಸಿಕೊಳ್ಳಬೇಡಿ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ‘ಇದು ನಮ್ಮ ಹೊಲದಲ್ಲೇ ಸಿಕ್ಕಿದ್ದು ಸಾರ್’ ಎಂದು ಯಾರಾದರೂ ರೋಮನ್ ನಾಣ್ಯ ತಂದರೆ ಮುಟ್ಟಬೇಡಿ. ಅದು ಸುಳ್ಳಾದರೆ ನಾಣ್ಯ ನಕಲಿ. ನಿಜವಾದರೆ ಅದು ಸರ್ಕಾರಕ್ಕೆ ವರದಿಯಾಗಬೇಕಾದ ನಿಧಿ. ಇಂಥ ನಾಣ್ಯ ಎಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬ ಮಾಹಿತಿ ಕಳೆದುಹೋದರೆ ನಮ್ಮ ನಾಡಿನ ಚರಿತ್ರೆಯ ಒಂದು ಪುಟವೇ ಹರಿದುಹೋದಂತೆ. ಯಶವಂತಪುರದ ನಿಧಿಯ ಬಗ್ಗೆ ಇಂದು ನಾವು ಮಾತಾಡಲು ಸಾಧ್ಯವಾಗಿರುವುದು ಯಾರೋ ಅಂದು ಅದನ್ನು ಎಣಿಸಿ ಬರೆದಿಟ್ಟಿದ್ದರಿಂದ. ಅದೇ ಮಾದರಿಯ ನಾಣ್ಯ ಯುರೋಪಿನ ಹಳೆಯ ಸಂಗ್ರಹಗಳಿಂದ ಬಿಲ್ಲಿನ ಸಮೇತ ಮಾರಾಟಕ್ಕೆ ಬರುತ್ತದೆ. ಎರಡನೆಯ ಶತಮಾನದ ಟ್ರೇಜನ್, ಹೇಡ್ರಿಯನ್, ಆಂಟೊನೈನಸ್ ಪಯಸ್ ಅವರ ದಿನೇರಿಯಸ್‌ಗಳಾದರೆ ಸಾಧಾರಣ ಸ್ಥಿತಿಯಲ್ಲಿ ಇನ್ನೂ ಅಗ್ಗ, ನೂರು ಯೂರೊ ಆಚೀಚೆ.

ಗ್ರೀಕ್ ನಾಣ್ಯಗಳ ಲೋಕವೇ ಬೇರೆ. ರೋಮನ್ ನಾಣ್ಯ ಆಡಳಿತದ ಕಡತವಾದರೆ ಗ್ರೀಕ್ ನಾಣ್ಯ ಶಿಲ್ಪ. ನೂರಾರು ನಗರಗಳು ತಂತಮ್ಮ ದೇವರು, ಪ್ರಾಣಿ, ಬೆಳೆಗಳನ್ನು ನಾಣ್ಯದ ಮೇಲೆ ತಂದವು: ಈಜಿನಾ ದ್ವೀಪದ ಆಮೆ, ಕೊರಿಂತ್‌ನ ರೆಕ್ಕೆಯ ಕುದುರೆ, ಮೆಟಪಾಂಟಂನ ಬಾರ್ಲಿ ತೆನೆ. ಎಲ್ಲರೂ ಆಸೆಪಡುವುದು ಅಥೆನ್ಸಿನ ಗೂಬೆಗೆ. 17.2 ಗ್ರಾಂ ತೂಕದ ದಪ್ಪ ಬೆಳ್ಳಿ ಗಟ್ಟಿ. ಒಂದು ಕಡೆ ಅಥೀನಾ ದೇವಿ, ಇನ್ನೊಂದು ಕಡೆ ಅವಳ ಗೂಬೆ, ಆಲಿವ್ ಚಿಗುರು, ಪುಟ್ಟ ಚಂದ್ರ, ಊರಿನ ಹೆಸರಿನ ಮೂರು ಅಕ್ಷರ. ಬೆಳ್ಳಿ ಬಂದದ್ದು ಅಥೆನ್ಸ್ ಹತ್ತಿರದ ಲಾರಿಯನ್ ಗಣಿಯಿಂದ. ಅದೇ ಗಣಿಯ ಹಣದಲ್ಲಿ ಅಥೆನ್ಸಿನ ನಾಯಕ ಥೆಮಿಸ್ಟೊಕ್ಲಿಸ್ ಹಡಗು ಕಟ್ಟಿಸಿದ್ದರಿಂದಲೇ ಕ್ರಿ.ಪೂ. 480ರಲ್ಲಿ ಸಲಾಮಿಸ್ ಕಾಳಗದಲ್ಲಿ ಪರ್ಷಿಯನ್ನರು ಸೋತದ್ದು. ಗೂಬೆಯನ್ನು ಕೈಯಲ್ಲಿ ಹಿಡಿದರೆ ಅಥೀನಾಳ ಕಣ್ಣನ್ನು ನೋಡಿ. ಮುಖ ಪಕ್ಕಕ್ಕೆ ತಿರುಗಿದೆ, ಕಣ್ಣು ಮಾತ್ರ ಬಾದಾಮಿಯಂತೆ ಪೂರ್ತಿ ನಮ್ಮತ್ತ ತೆರೆದಿದೆ. ಅದು ಹಳೆಯ ಶೈಲಿ. ಪಾರ್ಥೆನಾನ್ ದೇಗುಲ ಕಟ್ಟಿದ ಶಿಲ್ಪಿಗಳ ಊರಿನಲ್ಲಿ ಹೀಗೇಕೆ ಎಂದರೆ, ಈಜಿಪ್ಟಿನಿಂದ ಸಿರಿಯಾವರೆಗೆ ವ್ಯಾಪಾರಿಗಳು ನಂಬಿದ್ದು ಆ ಮುಖವನ್ನು. ಬದಲಿಸಿದರೆ ನಂಬಿಕೆ ಹೋಗುತ್ತಿತ್ತು. ಆ ವ್ಯಾಪಾರಿಗಳೇ ಒಳಗೆ ತಾಮ್ರ ಇದೆಯೇ ಎಂದು ನೋಡಲು ಉಳಿಯಿಂದ ಕಚ್ಚು ಹಾಕುತ್ತಿದ್ದರು. ಕಚ್ಚು ಬಿದ್ದ ಗೂಬೆಗೆ ಇಂದು ಬೆಲೆ ಕಡಿಮೆ. ನಾನಾದರೆ ಅದನ್ನೇ ಕೊಳ್ಳಿ ಎನ್ನುತ್ತೇನೆ, ಏಕೆಂದರೆ ಆ ಕಚ್ಚೂ ಒಂದು ದಾಖಲೆ. ಹಾಗಿದ್ದರೂ ಗೂಬೆ ನೂರಾರು ಯೂರೊಗಳ ಮಾತು. ಮೊದಲ ಗ್ರೀಕ್ ನಾಣ್ಯವಾಗಿ ಅಲೆಗ್ಸಾಂಡರನ ಡ್ರಾಕ್ಮ ಒಳ್ಳೆಯದು. ನಾಲ್ಕು ಗ್ರಾಂ ಚಿಲ್ಲರೆ ಬೆಳ್ಳಿ, ಒಂದು ಬದಿ ಸಿಂಹದ ತೊಗಲು ಹೊದ್ದ ವೀರ ಹೆರಾಕ್ಲಿಸ್, ಇನ್ನೊಂದು ಬದಿ ಹದ್ದು ಹಿಡಿದು ಕುಳಿತ ದೇವತೆಗಳ ರಾಜ ಜ್ಯೂಸ್. ಅಲೆಗ್ಸಾಂಡರ್ ಸತ್ತ ಮೇಲೂ ಅವನದೇ ಹೆಸರಿನಲ್ಲಿ ಅನೇಕ ಊರುಗಳು ಅಚ್ಚುಹಾಕುತ್ತಲೇ ಹೋದುದರಿಂದ ಸುಲಭವಾಗಿ ಸಿಗುತ್ತದೆ.

ನಮಗೆ ಇನ್ನೂ ಹತ್ತಿರದ್ದು ಇಂಡೋ-ಗ್ರೀಕ್ ಅರಸರ, ಅಂದರೆ ವಾಯವ್ಯ ಭಾರತದ ಕಡೆ ಆಳಿದ ಗ್ರೀಕ್ ಮೂಲದ ಅರಸರ ನಾಣ್ಯ. ಕ್ರಿ.ಪೂ. ಎರಡನೆಯ ಶತಮಾನದ ಮಿನಾಂಡರ್, ಬೌದ್ಧ ಗ್ರಂಥದ ಮಿಲಿಂದ ಇವನೇ. ಅವನ ಡ್ರಾಕ್ಮ ಎರಡೂವರೆ ಗ್ರಾಂಗೂ ಕಡಿಮೆ. ಮುಂಬದಿಯಲ್ಲಿ ಗ್ರೀಕ್ ಲಿಪಿ, ಹಿಂಬದಿಯಲ್ಲಿ ಸಿಡಿಲು ಎಸೆಯುವ ಅಥೀನಾ ಸುತ್ತ ವಾಯವ್ಯ ಭಾರತದ ಪ್ರಾಚೀನ ಖರೋಷ್ಠಿ ಲಿಪಿಯಲ್ಲಿ ‘ಮಹಾರಜಸ ತ್ರತರಸ ಮೆನಂದ್ರಸ’, ಅಂದರೆ ರಕ್ಷಕನಾದ ಮಹಾರಾಜ ಮಿನಾಂಡರನದು. ಒಂದೇ ಹೆಸರು ಎರಡು ಲಿಪಿಗಳಲ್ಲಿ ಇದ್ದ ಇಂಥ ನಾಣ್ಯಗಳನ್ನು ಹಿಡಿದೇ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಮೊದಲಾದವರು 1830ರ ದಶಕದಲ್ಲಿ ಖರೋಷ್ಠಿಯನ್ನು ಓದಿದ್ದು. ಅಗಾಥೊಕ್ಲಿಸ್ ಎಂಬ ಅರಸನ ನಾಣ್ಯಗಳಲ್ಲಿ ಬಲರಾಮ, ಕೃಷ್ಣರೇ ಇದ್ದಾರೆ. 1970ರಲ್ಲಿ ಅಫ್ಘಾನಿಸ್ತಾನದ ಐ-ಖಾನುಂನಲ್ಲಿ ಸಿಕ್ಕವು. ಅದನ್ನು ಚಿತ್ರದಲ್ಲಿ ನೋಡಿ ತೃಪ್ತಿಪಡಬೇಕು. ಮಿನಾಂಡರನ ಡ್ರಾಕ್ಮ ಮಾತ್ರ ಭಾರತದ ಪರವಾನಗಿ ಪಡೆದ ವ್ಯಾಪಾರಿಗಳಲ್ಲೂ ಸಿಗುತ್ತದೆ.

ನಕಲಿಗಳ ವಿಷಯ. ಪ್ರಾಚೀನ ನಾಣ್ಯವನ್ನು ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರು: ಕಾಯಿಸಿದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಏಟು. ಆ ಏಟಿಗೆ ಲೋಹ ಹೊರಕ್ಕೆ ಹರಿದ ಸಣ್ಣ ಗೆರೆಗಳು, ಅಂಚಿನ ಬಿರುಕು, ಮಧ್ಯಕ್ಕೆ ಸರಿಯಾಗಿ ಬೀಳದ ಚಿತ್ರ ಎಲ್ಲ ಅಸಲಿಯ ಗುರುತುಗಳು. ಅಗ್ಗದ ನಕಲಿಗಳು ಎರಕ ಹೊಯ್ದವು. ಅವುಗಳಲ್ಲಿ ಅಕ್ಷರದ ಅಂಚು ಸೋಪಿನಂತೆ ಮೊಂಡಾಗಿರುತ್ತದೆ, ಮೈಯಲ್ಲಿ ಗುಳ್ಳೆಯ ಚುಕ್ಕೆಗಳಿರುತ್ತವೆ, ಅಂಚಿನ ಸುತ್ತ ಎರಕದ ಕೂಡುಗೆರೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು ಕಾಣುತ್ತದೆ. ಒಂದೇ ಅಚ್ಚಿನಿಂದ ಎರಡು ನಾಣ್ಯ ಹುಟ್ಟಬಹುದು, ಆದರೆ ಎರಡು ಬಿಲ್ಲೆಗಳ ಆಕಾರ, ಬಿರುಕು, ಸವೆತ ಒಂದೇ ಇರಲು ಸಾಧ್ಯವಿಲ್ಲ. ಹಾಗಿದ್ದರೆ ಎರಡೂ ಎರಕವೇ. ತೂಕ ದೊಡ್ಡ ಸಾಕ್ಷಿ. ಗೂಬೆ 14 ಗ್ರಾಂ ತೂಗಿದರೆ ಮುಂದೆ ಮಾತೇ ಬೇಡ. ನೀರಿನಲ್ಲಿ ಮುಳುಗಿಸಿ ತೂಗಿ ಸಾಂದ್ರತೆ ಲೆಕ್ಕಹಾಕುವುದನ್ನೂ ಕಲಿಯಬಹುದು: ಶುದ್ಧ ಬೆಳ್ಳಿಗೆ ಸುಮಾರು 10.5, ತಾಮ್ರಕ್ಕೆ ಸುಮಾರು 8.9.

ಹೊಡೆದು ಮಾಡಿದ ನಕಲಿಗಳನ್ನು ಹಿಡಿಯುವುದು ಕಷ್ಟ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ ಸ್ವತಃ ಅಚ್ಚು ಕೆತ್ತಿ ನೂರಾರು ಗ್ರೀಕ್, ರೋಮನ್ ನಾಣ್ಯಗಳನ್ನು ಹೊಡೆದ. ಹೊಸತನ ಕಾಣದಿರಲೆಂದು ಕಬ್ಬಿಣದ ಪುಡಿ ತುಂಬಿದ ಪೆಟ್ಟಿಗೆಯಲ್ಲಿ ಅವನ್ನಿಟ್ಟು ಕುದುರೆಗಾಡಿಯ ಇರಚಿಗೆ ಕಟ್ಟಿ ಓಡಾಡಿಸುತ್ತಿದ್ದನಂತೆ. ಇಂದಿನ ಕಳ್ಳರು ಅವನಿಗಿಂತ ಮುಂದಿದ್ದಾರೆ. ಹಾಗಾಗಿ ನಾಣ್ಯಕ್ಕಿಂತ ಮೊದಲು ಮಾರುವವನನ್ನು ನೋಡಿ. ಅಸಲಿ ಎಂದು ಬರೆದುಕೊಟ್ಟು, ನಕಲಿ ಎಂದು ತಿಳಿದಾಗ ಎಷ್ಟು ಸಮಯವಾಗಿದ್ದರೂ ಹಣ ವಾಪಸ್ ಕೊಡುವ ವ್ಯಾಪಾರಿಯಿಂದ ಮಾತ್ರ ಕೊಳ್ಳಿ. ಪ್ರವಾಸಿ ತಾಣಗಳ ಬೀದಿಯಲ್ಲಿ, ಹಂಪಿಯಲ್ಲಾಗಲಿ ತುರ್ಕಿಯ ಎಫಿಸಸ್‌ನಲ್ಲಾಗಲಿ, ಎಂದೂ ಕೊಳ್ಳಬೇಡಿ. ನಿಮ್ಮ ನಾಣ್ಯವನ್ನು ಹೋಲಿಸಿ ನೋಡಲು ಓಕ್ರೆ (OCRE) ಎಂಬ ಉಚಿತ ಜಾಲತಾಣವಿದೆ, ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯದು. ಆಗಸ್ಟಸ್‌ನಿಂದ ಐದನೆಯ ಶತಮಾನದವರೆಗಿನ ರೋಮನ್ ನಾಣ್ಯಗಳನ್ನು ಟಂಕಸಾಲೆ, ಚಕ್ರವರ್ತಿ, ಬರಹ ಹೀಗೆ ಹುಡುಕಬಹುದು. ಅಲೆಗ್ಸಾಂಡರನ ನಾಣ್ಯಗಳಿಗೆ ಪೆಲ್ಲಾ (PELLA) ಎಂಬ ಅಂಥದೇ ತಾಣವಿದೆ. ಸಂಜೆ ಎರಡು ಗಂಟೆ ಇದರಲ್ಲಿ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಕರಾವಳಿಯಲ್ಲಿರುವ ನಿಮಗೆ ನಕಲಿಗಿಂತ ದೊಡ್ಡ ಶತ್ರು ತೇವ. ತಾಮ್ರದ ನಾಣ್ಯದ ಒಳಗೆ ಮಣ್ಣಿನಿಂದ ಬಂದ ಉಪ್ಪಿನ ಅಂಶ ಉಳಿದಿದ್ದರೆ, ಮಳೆಗಾಲದ ಗಾಳಿ ತಾಗಿ ತಿಳಿಹಸಿರು ಪುಡಿ ಏಳುತ್ತದೆ. ನಿಮ್ಮ ನಾಣ್ಯದ ಗಟ್ಟಿ ಹಸಿರು ಪದರಕ್ಕೂ ಇದಕ್ಕೂ ವ್ಯತ್ಯಾಸ ಸುಲಭ: ಹಲ್ಲುಕಡ್ಡಿಯಿಂದ ಮುಟ್ಟಿದರೆ ಇದು ಪುಡಿಯಾಗಿ ಉದುರುತ್ತದೆ, ಕೆಳಗೆ ಗುಳಿ ಬಿದ್ದಿರುತ್ತದೆ. ಬಿಟ್ಟರೆ ನಾಣ್ಯವನ್ನೇ ತಿಂದುಹಾಕುತ್ತದೆ. ಅಂಥದ್ದು ಕಂಡರೆ ಆ ನಾಣ್ಯವನ್ನು ಬೇರೆಯಿಡಿ, ಕಡ್ಡಿಯಿಂದ ಪುಡಿ ತೆಗೆಯಿರಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ಕೆಲವು ವಾರ ನೆನೆಸಿ ನೀರು ಬದಲಿಸುತ್ತಿರಿ, ಪೂರ್ತಿ ಒಣಗಿಸಿ. ನಲ್ಲಿ ನೀರು ಬೇಡ, ಬಾವಿ ನೀರೂ ಬೇಡ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟು, ಮಳೆಗಾಲದಲ್ಲಿ ಆಗಾಗ ತೆಗೆದು ನೋಡಿ. ಸ್ಟೇಷನರಿ ಅಂಗಡಿಯ ಮೆತ್ತನೆ ಪಿವಿಸಿ ಆಲ್ಬಂನಲ್ಲಿ ಇಡಬೇಡಿ, ಅದು ವರ್ಷಗಳಲ್ಲಿ ಅಂಟು ಬಿಟ್ಟು ನಾಣ್ಯವನ್ನು ಹಾಳುಮಾಡುತ್ತದೆ. ಆಮ್ಲರಹಿತ ಕಾಗದದ ಚಿಕ್ಕ ಲಕೋಟೆ ಸಾಕು. ಬೆಳ್ಳಿಯ ನಾಣ್ಯ ನೋಡುವಾಗ ಕೆಳಗೆ ಮೆತ್ತನೆ ಬಟ್ಟೆ ಹಾಸಿಕೊಳ್ಳಿ. ಶತಮಾನಗಳಲ್ಲಿ ಒಳಗೊಳಗೇ ಹರಳುಗಟ್ಟಿದ ಬೆಳ್ಳಿ ನೆಲಕ್ಕೆ ಬಿದ್ದರೆ ಎರಡು ಹೋಳಾಗುವುದುಂಟು.

ಕಾನೂನು ಅಷ್ಟೇನೂ ಜಟಿಲವಲ್ಲ, ಆದರೆ ಮೊದಲೇ ತಿಳಿದಿರಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಯಾವುದೇ ನಾಣ್ಯ ಪ್ರಾಚ್ಯವಸ್ತು. ಮನೆಯಲ್ಲಿ ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ವ್ಯಾಪಾರ ಮಾಡಲು ಪರವಾನಗಿ ಬೇಕು, ಖಾಸಗಿಯವರು ಭಾರತದಿಂದ ಹೊರಗೆ ಕಳುಹಿಸುವಂತಿಲ್ಲ. ಅಂದರೆ ಹೊರದೇಶದಿಂದ ತರಿಸಿದ್ದನ್ನು ಮತ್ತೆ ಅಲ್ಲಿಗೆ ಕಳಿಸಿ ಮಾರುವ ಯೋಚನೆ ಬೇಡ. ವಿದೇಶದಿಂದ ತರಿಸುವಾಗ ಕಸ್ಟಮ್ಸ್‌ನಲ್ಲಿ ಘೋಷಿಸಿ, ಸುಂಕ ಎಷ್ಟಾಗುತ್ತದೆಂದು ಮೊದಲೇ ವಿಚಾರಿಸಿ, ರಸೀದಿ ಇಟ್ಟುಕೊಳ್ಳಿ. ಗ್ರೀಸ್, ಇಟಲಿ, ತುರ್ಕಿಗಳಲ್ಲಿ ಅನುಮತಿಯಿಲ್ಲದೆ ಪ್ರಾಚೀನ ನಾಣ್ಯ ಹೊರತರುವುದು ಅಪರಾಧ. ಇಂಗ್ಲೆಂಡಿನಲ್ಲಿ ಹೊಲದಲ್ಲಿ ಸಿಕ್ಕಿದ್ದನ್ನು ದಾಖಲಿಸುವ ವ್ಯವಸ್ಥೆ ಇದೆ, ಅಲ್ಲಿಂದ ದಾಖಲೆ ಸಮೇತ ಬಂದದ್ದು ನೆಮ್ಮದಿ.

ನಾಣ್ಯ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಕಾಗದ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಉದಾಹರಣೆ. ಜೂಲಿಯಸ್ ಸೀಸರನನ್ನು ಕೊಂದ ಬ್ರೂಟಸ್ ಆ ಕೊಲೆಯನ್ನೇ ಕೊಂಡಾಡಿ ಎರಡು ಬಾಕುಗಳ ಚಿತ್ರವಿರುವ ನಾಣ್ಯ ಹೊರಡಿಸಿದ. ಅದರ ಚಿನ್ನದ ಪ್ರತಿಗಳು ಬೆರಳೆಣಿಕೆಯಷ್ಟು. 2020ರಲ್ಲಿ ಲಂಡನ್ ಹರಾಜಿನಲ್ಲಿ ಒಂದು 30 ಲಕ್ಷ ಪೌಂಡ್‌ಗೂ ಮೀರಿ ಹೋಯಿತು. ಅದರ ಹಿನ್ನೆಲೆಯ ಕಾಗದ ಸುಳ್ಳೆಂದು ಆಮೇಲೆ ಹೊರಬಿತ್ತು, 2023ರಲ್ಲಿ ಅಮೆರಿಕದ ಅಧಿಕಾರಿಗಳು ನಾಣ್ಯವನ್ನು ಗ್ರೀಸ್‌ಗೆ ಒಪ್ಪಿಸಿದರು. ನಮ್ಮ 25 ಯೂರೊ ನಾಣ್ಯವನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ ನಿಜ, ಆದರೆ ನಿಯಮ ಒಂದೇ. ಮಗಳು ಕೊಂಡ ಅಂಗಡಿಯ ಬಿಲ್ ಇದ್ದರೆ ಇಂದೇ ತರಿಸಿ ನಾಣ್ಯದ ಜೊತೆಗಿಡಿ.

ಕೊನೆಯದಾಗಿ, ಮಕ್ಕಳಿಗೆ ಲಾಭ. ಲಾಭದ ಲೆಕ್ಕದಲ್ಲಿ ಇದಕ್ಕೆ ಕೈಹಾಕಬೇಡಿ. ಹರಾಜಿನಲ್ಲಿ ಕೊಳ್ಳುವವನಿಂದಲೂ ಮಾರುವವನಿಂದಲೂ ಕಮಿಷನ್ ಹಿಡಿಯುತ್ತಾರೆ. ವ್ಯಾಪಾರಿ ಕೊಳ್ಳುವಾಗ ತಾನು ಮಾರುವ ಬೆಲೆಗಿಂತ ಸಾಕಷ್ಟು ಕಡಿಮೆ ಕೊಡುತ್ತಾನೆ. ಹೊಸ ಮಡಕೆಯೊಂದು ಸಿಕ್ಕರೆ ಸಾಮಾನ್ಯ ನಾಣ್ಯದ ಬೆಲೆ ಇಳಿಯುತ್ತದೆ. ಬ್ಯಾಂಕಿನ ಠೇವಣಿಗೆ ಇದು ಬದಲಿಯಲ್ಲ. ಖರ್ಚು ಮಾಡಿದರೆ ಮರೆತುಬಿಡಬಹುದಾದ ಹಣವನ್ನಷ್ಟೇ ಹಾಕಿ.

ಮಕ್ಕಳಿಗಾಗಿ ನೀವು ಮಾಡಬೇಕಾದದ್ದು ಬೇರೆ ಇದೆ. ಪ್ರತಿ ನಾಣ್ಯದ ಲಕೋಟೆಯೊಳಗೆ ಒಂದು ಚೀಟಿ ಇರಲಿ: ಏನು, ಯಾವ ಊರಿನ ಟಂಕಸಾಲೆ, ತೂಕ, ವ್ಯಾಸ, ಯಾರಿಂದ, ಯಾವಾಗ, ಎಷ್ಟಕ್ಕೆ. ಅದರ ಜೊತೆ ನೀವು ಓದಿ ಕಂಡುಕೊಂಡದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆಯಿರಿ. ಚೀಟಿ ಇಲ್ಲದ ಸಂಗ್ರಹ ಮನೆಯವರಿಗೆ ಬರೀ ಹಳೆಯ ಬಿಲ್ಲೆಗಳ ರಾಶಿ. ಬೆಳ್ಳಿಯಾದರೆ ಅಕ್ಕಸಾಲೆಯ ಮೂಸೆಗೆ ಹೋಗುತ್ತದೆ, ನಮ್ಮಲ್ಲಿ ಹಾಗೆ ಕರಗಿಹೋದವು ಬಹಳ. ಚೀಟಿಯನ್ನು ಪೆನ್ಸಿಲಿನಿಂದ ಬರೆಯಿರಿ, ನಿಮ್ಮ ಕಡೆಯ ಮಳೆಗಾಲದ ತೇವಕ್ಕೆ ಶಾಯಿ ಹರಡುತ್ತದೆ.